ಗಂಟಲಿನ ಕಾವಲು ನರಗಳು

ಕೇಳುಗರಿಗೆ ನಮಸ್ಕಾರ.

ಕಿವಿಯೊಳಗೆ ಹತ್ತಿಕಡ್ಡಿ ಇಟ್ಟು ತಿರುಗಿಸುವಾಗ ಕೆಲವರಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬರುತ್ತದೆ. ಮುಟ್ಟಿದ್ದು ಕಿವಿ, ಕೆಮ್ಮಿದ್ದು ಗಂಟಲು! ಧ್ವನಿಪೆಟ್ಟಿಗೆಗೆ ಹೋಗುವ ವೇಗಸ್ ನರದ್ದೇ ಒಂದು ಸಣ್ಣ ಕವಲು ಕಿವಿಯ ಚರ್ಮಕ್ಕೂ ಬರುತ್ತದೆ. ಹಾಗಾಗಿ ಕೆರೆತ ಗಂಟಲಲ್ಲೇ ಅಂತ ಮಿದುಳು ತಿಳಿಯುತ್ತದೆ.

ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಗಂಟಲಿನ ಸ್ಪರ್ಶ, ನೋವು ತಿಳಿಸುವವು ಮುಖ್ಯವಾಗಿ 9ನೆಯದು ಮತ್ತು 10ನೆಯದು. ಮೂಗಿನ ಹಿಂದಿನ ಮೇಲ್ತುದಿಗೆ ಮಾತ್ರ 5ನೆಯ ನರದ ಕವಲು ಬರುತ್ತದೆ.

9ನೆಯದರ ಹೆಸರು ಗ್ಲಾಸೋಫ್ಯಾರಿಂಜಿಯಲ್. ನಾಲಿಗೆಯ ಹಿಂಭಾಗ, ಟಾನ್ಸಿಲ್, ಬಾಯಿ ತೆರೆದರೆ ಕಾಣುವ ಹಿಂದಿನ ಗೋಡೆ, ಇವು ಅದರ ಪಾಲು. ಹಲ್ಲುಜ್ಜುವಾಗ ಬ್ರಷ್ ಸ್ವಲ್ಪ ಹಿಂದೆ ಹೋದರೆ ಓಕರಿಕೆ ಬರುತ್ತದೆ ಅಲ್ವಾ? ಆ ಸುದ್ದಿ ಮುಟ್ಟಿಸುವುದು ಇದೇ. ಇದರ ಕವಲೂ ಕಿವಿಯ ಒಳಗಿದೆ. ಟಾನ್ಸಿಲ್ ಊದಿದ ಮಗು ಕಿವಿ ಹಿಡಿದುಕೊಂಡು ಅತ್ತರೆ ಅದು ಸುಮ್ನೆ ಅಳುವುದಲ್ಲ. ದೊಡ್ಡವರಿಗೂ ವಾರಗಟ್ಟಲೆ ಕಿವಿನೋವಿದ್ದು, ಕಿವಿಯಲ್ಲಿ ಏನೂ ಕಾಣದಿದ್ದರೆ, ಗಂಟಲನ್ನು ಪರೀಕ್ಷೆ ಮಾಡಿಸಲೇಬೇಕು.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು 10ನೆಯ ನರ, ವೇಗಸ್. ಅದರ ಒಂದು ಕವಲು ಕತ್ತಿನ ಎರಡೂ ಬದಿಯಲ್ಲಿ ತೆಳ್ಳನೆಯ ಪೊರೆಯೊಂದನ್ನು ತೂರಿ ಧ್ವನಿಪೆಟ್ಟಿಗೆಯ ಒಳಗೆ ಇಳಿಯುತ್ತದೆ. ಧ್ವನಿತಂತುಗಳ ಮೇಲಿನ ಜಾಗಕ್ಕೆಲ್ಲ ಅದೇ ಕಾವಲು. ತಂತುಗಳ ಕೆಳಗಿನ ಜಾಗಕ್ಕೆ ಇನ್ನೊಂದು ಕವಲು. ಎಡಗಡೆಯದಂತೂ ಎದೆಗೆ ಇಳಿದು, ಹೃದಯದಿಂದ ಹೊರಟ ದೊಡ್ಡ ರಕ್ತನಾಳವನ್ನು ಸುತ್ತಿ, ಮತ್ತೆ ಕತ್ತಿಗೆ ಹತ್ತಿ ಬರುತ್ತದೆ!

ನೀರು ನೆತ್ತಿಗೆ ಹತ್ತಿತು ಅಂತೀವಿ. ಆ ಹನಿ ಹೊರಟದ್ದು ಶ್ವಾಸನಾಳದ ಕಡೆಗೆ. ಅದು ಧ್ವನಿಪೆಟ್ಟಿಗೆಯ ಬಾಯಿಗೆ ತಾಗಿದ ಕೂಡಲೇ ಮೇಲಿನ ಕವಲು ಸುದ್ದಿ ಕಳಿಸುತ್ತದೆ. ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಕೆಮ್ಮು ಹನಿಯನ್ನು ಹೊರಗೆ ತಳ್ಳುತ್ತದೆ. ನಾವು ಯೋಚಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಆ ಸ್ಪರ್ಶವೇ ಇಲ್ಲದಿದ್ದರೆ? ಎಂಡೋಸ್ಕೋಪಿಗೆ ಮುಂಚೆ ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸುತ್ತಾರೆ. ಅದರ ಪ್ರಭಾವ ಇಳಿಯುವ ತನಕ ಒಂದು ಗುಟುಕು ನೀರನ್ನೂ ಕೊಡುವುದಿಲ್ಲ, ಇದೇ ಕಾರಣಕ್ಕೆ. ಪಾರ್ಶ್ವವಾಯು ಆದ ಕೆಲವರಲ್ಲಿ ಈ ಕಾವಲು ದಿನವಿಡೀ ಮಂಕಾಗಿರುತ್ತದೆ. ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ, ಆಮೇಲೆ ನ್ಯುಮೋನಿಯಾ ಆಗಬಹುದು. ಮನೆಯಲ್ಲಿ ಅಂಥವರಿದ್ದರೆ, ಅವರು ಕುಡಿದ ಮೇಲೆ ಒಂದೆರಡು ಮಾತಾಡಿಸಿ, ದನಿಯನ್ನು ಗಮನವಿಟ್ಟು ಕೇಳಿ. ನೀರು ನಿಂತ ಹಾಗೆ ಗೊರಗೊರ ಅಂದರೆ, ಕೆಮ್ಮು ಬರದಿದ್ದರೂ, ಮುಂದಿನ ಗುಟುಕು ಕೊಡಬೇಡಿ. ವೈದ್ಯರಿಗೆ ತಿಳಿಸಿ.

ನಮಸ್ಕಾರ.