ಏವನ್ ಕಮರಿಯ ವೈಟ್‌ಬೀಮ್ ಮರಗಳು

ಆತ್ಮೀಯರೇ,

ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋದವರು ಕ್ಲಿಫ್ಟನ್ ತೂಗುಸೇತುವೆಯನ್ನು ನೋಡದೆ ಬರುವುದು ಕಡಿಮೆ. ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ರೂಪಿಸಿದ, ಆತ ತೀರಿಕೊಂಡ ಐದು ವರ್ಷಗಳ ನಂತರ 1864ರಲ್ಲಿ ಸಂಚಾರಕ್ಕೆ ತೆರೆದುಕೊಂಡ ಆ ಸೇತುವೆ ನೋಡತಕ್ಕದ್ದೇ. ಆದರೆ ಅದು ದಾಟಿಸುವ ಏವನ್ ಕಮರಿಯನ್ನೂ, ಕಮರಿಯ ಪಶ್ಚಿಮ ದಡದ ಲೀ ವುಡ್ಸ್ ಎಂಬ ಸಂರಕ್ಷಿತ ಕಾಡನ್ನೂ ಹೊಕ್ಕು ನೋಡದೆಯೇ ಎಷ್ಟೋ ಮಂದಿ ಮರಳುತ್ತಾರಲ್ಲ ಎಂಬ ಕೊರಗು ನನಗಿದೆ. ಲೋಕದಲ್ಲಿ ಬೇರೆಲ್ಲೂ ತಾವಾಗಿ ಬೆಳೆಯದ ಮರಗಳು ಅಲ್ಲಿವೆ.

ಸುಮಾರು 35 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ, ಆಳವಿಲ್ಲದ ಕಡಲಿನ ತಳದಲ್ಲಿ ಚಿಪ್ಪುಗಳೂ ಹವಳಗಳೂ ಪದರಪದರವಾಗಿ ಕೂತು ಗಟ್ಟಿಯಾದದ್ದೇ ಇಲ್ಲಿನ ಸುಣ್ಣಕಲ್ಲು. ಭೂಚಲನೆಯಿಂದ ಓರೆಯಾಗಿ ಮೇಲೆದ್ದ ಆ ಪದರಗಳನ್ನು ಬಹುಕಾಲದ ನಂತರ ಏವನ್ ನದಿ ಕೊರೆದು ಹಾದಿ ಮಾಡಿಕೊಂಡಿತು. ಕಡಿದಾದ ಬಂಡೆ, ಹಿಡಿಯಷ್ಟು ಮಣ್ಣು, ಧಾರಾಳ ಬಿಸಿಲು: ದೊಡ್ಡ ಮರಗಳಿಗೆ ಒಗ್ಗದ ಈ ನೆಲೆಯೇ ವೈಟ್‌ಬೀಮ್ ಮರಕ್ಕೆ ಆಸರೆ.

ವೈಟ್‌ಬೀಮಿನ ಎಲೆಯ ಮೇಲ್ಮೈ ಹಸಿರು. ತಿರುವಿ ನೋಡಿದರೆ ಅಡಿಯಲ್ಲಿ ಬೆಳ್ಳನೆಯ ನವಿರಾದ ರೋಮದ ಹೊದಿಕೆ. ಗಾಳಿ ಬೀಸಿದಾಗ ಇಡೀ ಮರವೇ ಬಿಳಿಚಿ ಮಿನುಗುವುದರಿಂದ ದೂರದ ಬಂಡೆಯ ಮೇಲಿದ್ದರೂ ಗುರುತು ಸಿಗುತ್ತದೆ. ಬೇರೆ ಬೇರೆ ಪ್ರಭೇದಗಳು ಕೂಡಿ ಮಿಶ್ರತಳಿ ಹುಟ್ಟುವುದು ಈ ಕುಲದಲ್ಲಿ ಸಾಮಾನ್ಯ. ಹಾಗೆ ಹುಟ್ಟಿದವುಗಳಲ್ಲಿ ಕೆಲವು ಅಂಡ ಫಲಿತಗೊಳ್ಳದೆಯೇ ಬೀಜ ಕಟ್ಟುವ ಶಕ್ತಿ ಪಡೆದಿವೆ. ಮರಿ ಗಿಡ ತಾಯಿಮರದ ಪಡಿಯಚ್ಚಾಗಿ ಬೆಳೆದು, ಹೊಸ ಪ್ರಭೇದವೊಂದು ಆ ಬಂಡೆಯ ಮೇಲೆಯೇ ನೆಲೆಗೊಳ್ಳುತ್ತದೆ. ಬ್ರಿಸ್ಟಲ್ ವೈಟ್‌ಬೀಮ್, ವಿಲ್ಮಾಟ್ ವೈಟ್‌ಬೀಮ್, ಲೀ ವುಡ್ಸ್ ವೈಟ್‌ಬೀಮ್ ಇಂಥವು. ಹಗ್ಗ ಕಟ್ಟಿಕೊಂಡು ಬಂಡೆಗಳಿಗೆ ಇಳಿದು ವರ್ಷಗಟ್ಟಲೆ ಸಸ್ಯಗಳನ್ನು ಹುಡುಕಿದ ಲಿಬ್ಬಿ ಹ್ಯೂಸ್ಟನ್ ಅವರ ಹೆಸರನ್ನು ಇಲ್ಲಿನ ಒಂದು ಮಿಶ್ರತಳಿಗೆ ಇಟ್ಟಿದ್ದಾರೆ. ಪ್ರಭೇದಗಳು ಅಳಿಯುವ ಸುದ್ದಿಯನ್ನೇ ಕೇಳುತ್ತಿರುವ ಈ ಕಾಲದಲ್ಲಿ, ನಗರದ ಮಗ್ಗುಲಲ್ಲೇ ಹೊಸವು ಹುಟ್ಟುತ್ತಿವೆ ಎಂಬುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಇಂಥ ಕಾಡನ್ನು ಉಳಿಸಬೇಕಾದರೆ ಮನುಷ್ಯ ಅದರ ಗೊಡವೆಗೇ ಹೋಗಬಾರದು ಎಂದು ನಮಗೆ ತೋರಬಹುದು. ಲೀ ವುಡ್ಸ್ ಬೇರೆಯೇ ಪಾಠ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1600ರಿಂದೀಚೆಗೆ ಸತತವಾಗಿ ಕಾಡಾಗಿಯೇ ಉಳಿದ ನೆಲವನ್ನು ಪುರಾತನ ಕಾಡು ಎಂದು ಗಣಿಸುತ್ತಾರೆ. ಆದರೆ ಆ ಕಾಡು ಜನಬಳಕೆಯಿಂದ ದೂರವಿತ್ತೆಂದು ಅದರ ಅರ್ಥವಲ್ಲ. ಇಲ್ಲಿನ ಸ್ಟೋಕ್‌ಲೀ ಕ್ಯಾಂಪಿನಲ್ಲಿ ಕಬ್ಬಿಣ ಯುಗದ ಕೋಟೆಯ ಮಣ್ಣಿನ ದಿಬ್ಬಗಳು ಈಗಲೂ ಎದ್ದು ಕಾಣುತ್ತವೆ. ಹಳೆಯ ಓಕ್ ಮರಗಳ ಬೊಡ್ಡೆಗಳು ಗಿಡ್ಡ, ದಪ್ಪ. ದನಗಳ ಬಾಯಿಗೆ ಚಿಗುರು ಸಿಗಬಾರದೆಂದು ಆಳೆತ್ತರಕ್ಕಿಂತ ಮೇಲೆ ಕೊಂಬೆಗಳನ್ನು ಮತ್ತೆ ಮತ್ತೆ ಸವರಿ ಸೌದೆ ಪಡೆಯುತ್ತಿದ್ದುದರ ಗುರುತು ಅದು. ಮೇಯಿಸುವುದು, ಸವರುವುದು ನಿಂತಾಗ ಪೊದೆಗಳೂ ಎಳೆಯ ಮರಗಳೂ ಒತ್ತರಿಸಿ ಬೆಳೆದು, ಬೆಳಕು ಬೇಕಾದ ವೈಟ್‌ಬೀಮ್‌ಗಳಿಗೂ ಬಂಡೆಯ ಸಣ್ಣ ಹೂಗಿಡಗಳಿಗೂ ನೆರಳು ಕವಿಯಿತು.

ಕಲ್ಲುಗಣಿಗಾರಿಕೆಯಿಂದ ಕಮರಿಯ ಎರಡೂ ದಡಗಳಿಗೆ ಗಾಯವಾಗಿದೆ. 1909ರಲ್ಲಿ ಜಾರ್ಜ್ ವಿಲ್ಸ್ ಕಾಡಿನ ಒಂದು ಭಾಗವನ್ನು ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ದಾನವಾಗಿ ಕೊಟ್ಟದ್ದರಿಂದ ಅಷ್ಟು ನೆಲ ಮನೆ ನಿವೇಶನಗಳಾಗದೆ ಉಳಿಯಿತು. ಎದುರು ದಡದ ಕ್ಲಿಫ್ಟನ್ ಕಡೆ, ಗಲ್ಲಿ ಎಂಬ ಕಡಿದಾದ ಕೊಳ್ಳದಲ್ಲಿ, ಪೊದೆಗಳನ್ನು ಹತೋಟಿಯಲ್ಲಿಡಲು 2011ರಲ್ಲಿ ಆಡುಗಳನ್ನು ಬಿಟ್ಟರು. ಯಂತ್ರಗಳು ಏರಲಾರದ ಕಡೆಗೂ ಆಡು ಏರುತ್ತದೆ.

ಹೋಗುವವರಿಗೆ ನನ್ನ ಸಲಹೆ ಇಷ್ಟು. ಸೇತುವೆ ದಾಟಿ ಕಾಡಿಗೆ ಹೋಗಿ, ನೈಟಿಂಗೇಲ್ ಕಣಿವೆಯ ಇಳಿಜಾರಿನ ಹಾದಿಯಲ್ಲಿ ನದಿಯ ದಡದವರೆಗೆ ನಡೆಯಿರಿ. ಮಳೆ ಬಂದರೆ ಹಾದಿ ಜಾರುತ್ತದೆ, ಒಳ್ಳೆಯ ಹಿಡಿತದ ಬೂಟು ಇರಲಿ. ಬೈನಾಕ್ಯುಲರ್ ಇದ್ದರೆ ಬಂಡೆಗಳಲ್ಲಿ ಗೂಡು ಕಟ್ಟುವ ಪೆರೆಗ್ರಿನ್ ಡೇಗೆಗಳನ್ನೂ ಕಾಣಬಹುದು. ವೈಟ್‌ಬೀಮ್ ಹೂಬಿಡುವುದು ಮೇ ತಿಂಗಳ ಸುಮಾರಿಗೆ, ಹಣ್ಣು ಕೆಂಪೇರುವುದು ಸೆಪ್ಟೆಂಬರ್ ಹೊತ್ತಿಗೆ. ಹಣ್ಣು ಹಕ್ಕಿಗಳ ಆಹಾರ, ಬೀಜ ಹರಡುವುದೂ ಅವುಗಳಿಂದಲೇ. ಆದ್ದರಿಂದ ಒಂದನ್ನೂ ಕೀಳಬೇಡಿ.