ಎರಡನೇ ಲೋಟ ಕೇಳುವ ಪಾನಕ

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಿನಲ್ಲಿ ಬಂದಿದ್ದೀರಿ. ಕೂತು ಸ್ವಲ್ಪ ಸುಧಾರಿಸಿಕೊಳ್ಳಿ. ಅಷ್ಟರಲ್ಲಿ ನಾನೊಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ.

ಮೇಜಿನ ಮೇಲೆ ಎರಡು ಗಾಜಿನ ಜಗ್ಗುಗಳಿವೆ. ಎರಡರಲ್ಲೂ ಇರುವುದು ಒಂದೇ ನಿಂಬೆ ಪಾನಕ. ಒಂದೇ ಪಾತ್ರೆಯಿಂದ ಸುರಿದದ್ದು, ಒಂದೊಂದು ಲೀಟರ್. ಎಡಗಡೆಯ ಜಗ್ಗಿನೊಳಗೆ ಈಗ ಸುಮಾರು 300 ಗ್ರಾಂ ಐಸ್ ಹಾಕುತ್ತಿದ್ದೇನೆ. ಬಲಗಡೆಯದಕ್ಕೆ ಹಾಕುವುದಿಲ್ಲ. ಅದನ್ನು ಐಸ್ ಮತ್ತು ನೀರು ತುಂಬಿದ ಈ ಬಕೆಟ್ಟಿನಲ್ಲಿ ನಿಲ್ಲಿಸುತ್ತೇನೆ. ಐಸ್ ಹೊರಗೇ ಇರುತ್ತದೆ. ಮುಂದಿನ ಸಾಲಿನವರು ಯಾರಾದರೂ ಆಗಾಗ ಎದ್ದು ಆ ಜಗ್ಗನ್ನು ಒಮ್ಮೆ ಕದಡಿದರೆ ಉಪಕಾರವಾಗುತ್ತದೆ. ಮಾತು ಮುಗಿದ ಮೇಲೆ ಎರಡನ್ನೂ ಕುಡಿದು ನೋಡೋಣ.

ಬೇಸಿಗೆಯ ಹಣ್ಣಿನ ಪಾನೀಯ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯಲು ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಮೊದಲ ಲೋಟ ಖಾಲಿಯಾದ ಮೇಲೆ ಕೈ ತಾನಾಗಿ ಜಗ್ಗಿನ ಕಡೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಮೊದಲ ಗುಟುಕು ಅದ್ಭುತವಾಗಿರುತ್ತದೆ. ಅರ್ಧ ಲೋಟಕ್ಕೆ ಬರುವಷ್ಟರಲ್ಲಿ ಸಾಕು ಅನಿಸುತ್ತದೆ. ಕುಡಿದು ಹತ್ತು ನಿಮಿಷಕ್ಕೆ ಬಾಯಿ ಅಂಟಂಟು, ನೀರು ಕೊಡಿ ಅಂತ ಕೇಳುತ್ತೇವೆ. ಪಾನಕ ಕುಡಿದ ಮೇಲೆ ನೀರು ಬೇಕಾದರೆ ಆ ಪಾನಕ ಮಾಡಿ ಏನು ಪ್ರಯೋಜನ?

ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಬೇಸಿಗೆಯ ಪಾನಕದಲ್ಲಿ ಹಣ್ಣೇ ದೊಡ್ಡದು ಅಂದುಕೊಂಡಿದ್ದೇವೆ. ಅಲ್ಲ. ನೀರು ದೊಡ್ಡದು. ಹಣ್ಣು ಆ ನೀರನ್ನು ಕುಡಿಯುವಂತೆ ಮಾಡಲು ಇದೆ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಂದು ಲೋಟ ಅಂದರೆ 200 ಮಿಲಿ ಅಂತಿಟ್ಟುಕೊಳ್ಳಿ. 5 ಡಿಗ್ರಿ ತಣ್ಣಗಿರುವ ಒಂದು ಲೋಟ ನೀರು ಕುಡಿದಿರಿ. ಅದು ಮೈಯೊಳಗೆ 37 ಡಿಗ್ರಿಗೆ ಬರಬೇಕಾದರೆ ದೇಹದಿಂದ ಸುಮಾರು 6 ಕಿಲೋಕ್ಯಾಲೊರಿ ಶಾಖ ತೆಗೆದುಕೊಳ್ಳುತ್ತದೆ. ಅಷ್ಟೇ. ಅದೇ 200 ಮಿಲಿ ನೀರು ಬೆವರಾಗಿ ಹೊರಗೆ ಬಂದು ಚರ್ಮದ ಮೇಲೆ ಪೂರ್ತಿ ಆರಿದರೆ? 110 ಕಿಲೋಕ್ಯಾಲೊರಿಗಿಂತ ಜಾಸ್ತಿ ಶಾಖ ಹೊತ್ತುಕೊಂಡು ಹೋಗುತ್ತದೆ. ಅಂದರೆ ತಂಪು ನಾಲಿಗೆಗೆ, ಗಂಟಲಿಗೆ ಹಿತ. ಮೈಯನ್ನು ತಣ್ಣಗಿಡುವುದು ಮಾತ್ರ ಒಳಗೆ ಹೋದ ನೀರು. ಹಾಗಾಗಿ ಒಂದು ಲೋಟಕ್ಕೇ ಸಾಕೆನಿಸುವ ಗಟ್ಟಿ ರಸಕ್ಕಿಂತ, ಎರಡು ಲೋಟ ಇಳಿಯುವ ತೆಳ್ಳನೆಯ ಪಾನಕ ಬೇಸಿಗೆಗೆ ಮೇಲು.

ಸಕ್ಕರೆಯೂ ಇದೇ ಲೆಕ್ಕಕ್ಕೆ ಬರುತ್ತದೆ. ಪಾನೀಯದಲ್ಲಿ ಸಕ್ಕರೆ ಶೇ. 8ಕ್ಕಿಂತ ಹೆಚ್ಚಾದರೆ ಹೊಟ್ಟೆಯಿಂದ ಅದು ನಿಧಾನವಾಗಿ ಕೆಳಗಿಳಿಯುತ್ತದೆ. ಹೊಟ್ಟೆ ಭಾರ ಅನಿಸುವುದು ಅದಕ್ಕೇ. ನಾನು ಶೇ. 6ಕ್ಕೆ ನಿಲ್ಲಿಸುತ್ತೇನೆ. ಲೀಟರಿಗೆ 60 ಗ್ರಾಂ, ಅಂದರೆ ಸುಮಾರು 5 ದೊಡ್ಡ ಚಮಚ. ಒಂದು ಲೋಟಕ್ಕೆ 12 ಗ್ರಾಂ ಆಯಿತು, ಎರಡು ಲೋಟಕ್ಕೆ 24. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ದೊಡ್ಡವರು ಇಂಥ ಸಕ್ಕರೆಯನ್ನು ದಿನಕ್ಕೆ ಸುಮಾರು 50 ಗ್ರಾಂ ಒಳಗೆ ಇಡಬೇಕು. 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಇದರಲ್ಲಿ ಜೇನುತುಪ್ಪವೂ ಸೇರುತ್ತದೆ, ಹಿಂಡಿ ತೆಗೆದ ಹಣ್ಣಿನ ರಸದ ಸಿಹಿಯೂ ಸೇರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಸಕ್ಕರೆ ಹಾಕಿಲ್ಲ, ಬರೀ ಕಿತ್ತಳೆ ರಸ ಅಂತ ದೊಡ್ಡ ಲೋಟ ತುಂಬಿಸಿ ಮಕ್ಕಳಿಗೆ ಕೊಡುತ್ತೇವೆ ಅಲ್ವಾ? ಅದರಲ್ಲೂ 100 ಮಿಲಿಗೆ ಹೆಚ್ಚುಕಮ್ಮಿ 8ರಿಂದ 10 ಗ್ರಾಂ ಸಕ್ಕರೆ ಇರುತ್ತದೆ. ಅರ್ಧ ರಸ, ಅರ್ಧ ನೀರು ಮಾಡಿ, ಮೇಲೆ ನಾಲ್ಕು ಹನಿ ನಿಂಬೆ ಹಿಂಡಿ. ಮಕ್ಕಳು ಬೇಡ ಅನ್ನುವುದಿಲ್ಲ.

ಈಗ ಅಳತೆಗೆ ಬರೋಣ. ನಿಂಬೆಯಿಂದಲೇ ಶುರು ಮಾಡುತ್ತೇನೆ. ಇದನ್ನು ಕಲಿತರೆ ಉಳಿದೆಲ್ಲ ಹಣ್ಣು ಕೈಗೆ ಬಂದಂತೆ. ಒಂದು ಲೀಟರ್ ಪಾನಕಕ್ಕೆ 60 ಮಿಲಿ ರಸ, 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು. ಹಣ್ಣು ಎಷ್ಟು ಅಂತ ನಾನು ಹೇಳುವುದಿಲ್ಲ. ಕೆಲವು ನಿಂಬೆ 15 ಮಿಲಿ ರಸ ಕೊಡುತ್ತದೆ, ಕೆಲವು 40. ರಸವನ್ನೇ ಅಳೆಯಿರಿ.

ಆದರೆ ಹಿಂಡುವ ಮೊದಲು ಸಿಪ್ಪೆಯನ್ನು ನೋಡಿ. ನಿಂಬೆಯ ಪರಿಮಳ ಹೆಚ್ಚಾಗಿ ಇರುವುದು ರಸದಲ್ಲಲ್ಲ, ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ. ಅದನ್ನು ನಾವು ಕಸಕ್ಕೆ ಎಸೆಯುತ್ತೇವೆ. ನಾನು ಇದನ್ನು ಕಲಿತ ದಿನದಿಂದ ಪಾನಕ ಮಾಡುವ ರೀತಿಯೇ ಬದಲಾಯಿತು. ಹಣ್ಣನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಮೇಣ ಹಚ್ಚಿರುವ ಹಣ್ಣಾದರೆ ಇನ್ನೂ ಜೋರಾಗಿ ಉಜ್ಜಬೇಕು. ಎರಡು ಹಣ್ಣಿನ ಬಣ್ಣದ ಸಿಪ್ಪೆಯನ್ನು ಮಾತ್ರ ತೆಳ್ಳಗೆ ಹೆರೆಯಿರಿ. ಒಳಗಿನ ಬಿಳಿ ಭಾಗ ಬೇಡ, ಅದು ಕಹಿ. ಹೆರೆದ ಸಿಪ್ಪೆಯನ್ನು ಅಳೆದ ಸಕ್ಕರೆಗೆ ಹಾಕಿ ಬೆರಳಿನಿಂದ ಒಂದೆರಡು ನಿಮಿಷ ಹಿಸುಕಿ. ಮುಚ್ಚಿ ಎರಡು ಗಂಟೆ ಬಿಡಿ. ಸಕ್ಕರೆ ಆ ಎಣ್ಣೆಯನ್ನು ಎಳೆದುಕೊಂಡು ಒದ್ದೆಯಾಗುತ್ತದೆ. ಮುಚ್ಚಳ ತೆಗೆದಾಗ ಬರುವ ಪರಿಮಳ ನೋಡಿ. ಇಡೀ ಅಡುಗೆಮನೆ ಘಮ್ಮೆನ್ನುತ್ತದೆ. ಅದರ ಮೇಲೆ ರಸ ಹಿಂಡಿ, ಕರಗುವವರೆಗೆ ಕಲಸಿ, ನೀರು ಸೇರಿಸಿ ಒಂದು ಲೀಟರ್ ಮಾಡಿ, ಸೋಸಿ. ಪಾಕ ಕಾಯಿಸುವ ಕೆಲಸವೇ ಇಲ್ಲ. ಸಕ್ಕರೆ ಕಮ್ಮಿ ಹಾಕಿದ್ದೀರಿ ಅಂತ ಯಾರಿಗೂ ಗೊತ್ತಾಗುವುದೂ ಇಲ್ಲ. ಪರಿಮಳ ಆ ಜಾಗ ತುಂಬುತ್ತದೆ.

ಬೀಜ ತೆಗೆಯದೆ ಮಿಕ್ಸಿಗೆ ಹಾಕಬೇಡಿ. ಬೀಜ ಅರೆದರೆ ಕಹಿ ಬಿಡುತ್ತದೆ. ಪಾತ್ರೆ ಗಾಜಿನದೋ ಸ್ಟೀಲಿನದೋ ಆಗಿರಲಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಹುಳಿಗೆ ಆಗಿಬರುವುದಿಲ್ಲ.

ಈಗ ಉಪ್ಪು. ನಿಮ್ಮ ಮುಂದೆ ಎರಡೆರಡು ಸಣ್ಣ ಲೋಟಗಳಿವೆ. ದಯವಿಟ್ಟು ಮೊದಲು ಗುರುತಿಲ್ಲದ ಲೋಟ ಕುಡಿಯಿರಿ. ಒಂದು ಗುಟುಕು ಸಾಕು. ಈಗ ಕೆಂಪು ಗುರುತಿನದು. ಯಾವುದು ಜಾಸ್ತಿ ಸಿಹಿ? ಹೆಚ್ಚಿನವರು ಕೆಂಪು ಗುರುತಿನ ಕಡೆ ಕೈ ತೋರಿಸುತ್ತಿದ್ದೀರಿ. ಎರಡರಲ್ಲೂ ಸಕ್ಕರೆ ಒಂದೇ. ಕೆಂಪು ಗುರುತಿನದರಲ್ಲಿ ಉಪ್ಪಿದೆ, ಇನ್ನೊಂದರಲ್ಲಿ ಇಲ್ಲ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಅದರ ಹಿಂದೆ ಮರೆಯಾಗಿದ್ದ ಸಿಹಿ ಮುಂದೆ ಬರುತ್ತದೆ. ಬಾಯಿಗೆ ಉಪ್ಪುಪ್ಪು ಅನಿಸಬಾರದು. ಅನಿಸಿದರೆ ಹೆಚ್ಚಾಯಿತು ಅಂತ.

ಉಪ್ಪಿನ ಇನ್ನೊಂದು ಕೆಲಸ ಹೊಟ್ಟೆಯೊಳಗಿದೆ. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಕೈ ಹಿಡಿದುಕೊಂಡೇ ಒಳಗೆ ಹೋಗುತ್ತವೆ. ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಈ ವಿಚಾರ ಮಂಡಿಸಿದರು. ಭೇದಿಯಾದವರಿಗೆ ಕೊಡುವ ಓಆರ್‌ಎಸ್ ನಿಂತಿರುವುದು ಇದೇ ಬುನಾದಿಯ ಮೇಲೆ. ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಹಣ್ಣಿನ ಪಾನಕ ಓಆರ್‌ಎಸ್ ಅಲ್ಲ. ಮಗುವಿಗೆ ಭೇದಿಯಾಗುತ್ತಿದ್ದರೆ ಸಿಹಿ ಜ್ಯೂಸ್ ಕೊಡಬೇಡಿ, ಭೇದಿ ಜಾಸ್ತಿಯಾಗಬಹುದು. ಓಆರ್‌ಎಸ್ ಪುಡಿಯನ್ನೇ ಕಲಸಿ ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಮತ್ತೆ, ಒಂದು ವರ್ಷ ತುಂಬದ ಮಕ್ಕಳಿಗೆ ಜೇನುತುಪ್ಪ ಹಾಕಿದ ಯಾವುದನ್ನೂ ಕೊಡಬಾರದು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಸಕ್ಕರೆ, ಉಪ್ಪಿನ ವಿಷಯದಲ್ಲಿ ತಮ್ಮ ವೈದ್ಯರ ಮಾತು ಕೇಳಿ.

ಕಲ್ಲಂಗಡಿಗೆ ಬರೋಣ. ನನಗೆ ಬಹಳ ಇಷ್ಟದ ಹಣ್ಣು. ಅದರಲ್ಲಿ ಶೇ. 92ರ ಹತ್ತಿರ ನೀರೇ. ಸಕ್ಕರೆ ಸುಮಾರು ಶೇ. 6. ನೋಡಿ, ನಾವು ನಿಂಬೆಗೆ ಅಳೆದು ಹಾಕಿದ ಅಳತೆ ಇಲ್ಲಿ ಹಣ್ಣಿನಲ್ಲೇ ಇದೆ. ಹಾಗಾಗಿ ಸಕ್ಕರೆ ಬೇಡವೇ ಬೇಡ. ಇಲ್ಲದಿರುವುದು ಹುಳಿ ಒಂದೇ. ಲೀಟರ್ ರಸಕ್ಕೆ ಎರಡು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು ಹಾಕಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ಎರಡು ಮೂರು ಸಲ ತಿರುಗಿಸಿದರೆ ಸಾಕು. ಸುಮ್ನೆ ಓಡಿಸುತ್ತಾ ಇದ್ದರೆ ಬರೀ ನೊರೆ ಬರುತ್ತದೆ, ಬೀಜವೂ ಪುಡಿಯಾಗುತ್ತದೆ. ನಾಲ್ಕು ಪುದೀನ ಎಲೆಯನ್ನು ಅಂಗೈಯಲ್ಲಿ ಒಮ್ಮೆ ತಟ್ಟಿ ಹಾಕಿ. ಅರೆಯಬೇಡಿ, ಅರೆದರೆ ಹಸಿ ವಾಸನೆ ಬರುತ್ತದೆ.

ಉಳಿದ ಹಣ್ಣುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಾವು ಗಟ್ಟಿ ಹಣ್ಣು, ತಿರುಳಿಗೆ ಮೂರು ಪಟ್ಟು ನೀರು ಬೆರೆಸಿದರೂ ತಾಳುತ್ತದೆ. ಸೇಬು ಕತ್ತರಿಸಿದ ತಕ್ಷಣ ಕಂದಾಗುತ್ತದೆ, ನಿಂಬೆರಸ ತಾಗಿಸಿದರೆ ನಿಲ್ಲುತ್ತದೆ. ಕಿತ್ತಳೆ ರಸವನ್ನು ಹಿಂಡಿ ಇಡಬೇಡಿ. ಕೆಲವು ತಳಿಗಳ ರಸ ಮೊದಲು ಸಿಹಿಯಾಗಿದ್ದು ಕೆಲವು ಗಂಟೆಗಳ ಮೇಲೆ ಕಹಿಯಾಗುತ್ತದೆ. ಹಣ್ಣು ಕೆಟ್ಟದ್ದಲ್ಲ. ರಸದೊಳಗೇ ಲಿಮೋನಿನ್ ಎಂಬ ಕಹಿ ಪದಾರ್ಥ ನಿಧಾನವಾಗಿ ಹುಟ್ಟುತ್ತದೆ. ಹಸಿ ಅನಾನಸ್‌ಗೆ ಹಾಲು, ಮೊಸರು ಸೇರಿಸಬೇಡಿ. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಪರಂಗಿ, ಕಿವಿ ಹಣ್ಣಿಗೂ ಇದೇ ಗುಣವಿದೆ.

ಇನ್ನು ಐಸ್. ನಾವೆಲ್ಲ ಐಸನ್ನು ಅಲಂಕಾರದ ಹಾಗೆ ಹಾಕುತ್ತೇವೆ. ಆದರೆ ಐಸ್ ಕೂಡ ನೀರೇ. ಅಳತೆಗೆ ಸೇರಿಸದ ನೀರು. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಶಾಖ ಬೇಕು. 30 ಡಿಗ್ರಿಯಲ್ಲಿರುವ ಒಂದು ಲೋಟ ಪಾನಕವನ್ನು 5 ಡಿಗ್ರಿಗೆ ಇಳಿಸಬೇಕಾದರೆ ಸುಮಾರು 60 ಗ್ರಾಂ ಐಸ್ ಕರಗಿಹೋಗುತ್ತದೆ. ಅಂದರೆ 200 ಮಿಲಿಗೆ 60 ಮಿಲಿ ನೀರು ಸುರಿದಂತೆ. ಮೊದಲೇ 10 ಡಿಗ್ರಿಗೆ ತಣ್ಣಗಾಗಿದ್ದರೆ 12 ಗ್ರಾಂ ಸಾಕು. ಆದ್ದರಿಂದ ಪಾನಕವನ್ನು ಮೊದಲು ತಣ್ಣಗೆ ಮಾಡಿ, ಆಮೇಲೆ ಒಂದು ತುಂಡು ಹಾಕಿ. ಐಸಿನಿಂದಲೇ ತಣಿಸಬೇಕಾದರೆ ಲೀಟರಿಗೆ 300 ಮಿಲಿ ನೀರು ಕಮ್ಮಿ ಹಾಕಿ ಕಲಸಿಡಿ. ದ್ರಾಕ್ಷಿಯನ್ನೋ ಕಲ್ಲಂಗಡಿ ತುಂಡನ್ನೋ ಫ್ರೀಜರಿನಲ್ಲಿಟ್ಟು ಅದನ್ನೇ ಐಸಿನ ಬದಲು ಹಾಕಬಹುದು. ಚಿಕ್ಕ ಮಕ್ಕಳಿಗೆ ದ್ರಾಕ್ಷಿ ಇಡಿಯಾಗಿ ಬೇಡ, ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ರುಚಿ ನೋಡುವುದೂ ತಣ್ಣಗಾದ ಮೇಲೇ. ತಂಪಿಗೆ ನಾಲಿಗೆ ಸಿಹಿಯನ್ನು ಕಮ್ಮಿ ಹಿಡಿಯುತ್ತದೆ. ಕರಗಿದ ಐಸ್‌ಕ್ರೀಂ ಎಷ್ಟು ಸಿಹಿ ಅನಿಸುತ್ತದೆ, ನೆನಪಿಸಿಕೊಳ್ಳಿ.

ಕೊನೆಗೆ, ನನಗೆ ಇವತ್ತಿಗೂ ನೋವು ಕೊಡುವ ಒಂದು ಘಟನೆ. ಒಮ್ಮೆ ಮಕ್ಕಳ ಆಟದ ದಿನಕ್ಕೆ ಬೆಳಿಗ್ಗೆಯೇ ಎದ್ದು ಕಲ್ಲಂಗಡಿ ರಸ ಮಾಡಿ ದೊಡ್ಡ ಪಾತ್ರೆಯಲ್ಲಿ ತೆಗೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಮುಚ್ಚಳ ತೆಗೆದಾಗ ಹುಳಿತ ವಾಸನೆ. ಮೇಲೆಲ್ಲ ನೊರೆ. ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಅವರ ಕಣ್ಣೆದುರೇ ಅಷ್ಟನ್ನೂ ಚೆಲ್ಲಿದೆ. ಚೆಲ್ಲಿದ್ದೇ ಸರಿ ಅಂತ ಆಮೇಲೆ ಓದಿ ತಿಳಿದೆ. ಕಲ್ಲಂಗಡಿಯಲ್ಲಿ ಹುಳಿ ಬಹಳ ಕಮ್ಮಿ, ಹಾಗಾಗಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಹಿಂಡಿದ ರಸ ಹೊರಗೆ ಎರಡು ಗಂಟೆ ದಾಟಬಾರದು. ಹೊರಗಿನ ಬಿಸಿ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ಹಣ್ಣನ್ನು ಕತ್ತರಿಸುವ ಮೊದಲೇ ತೊಳೆಯಿರಿ, ಸಿಪ್ಪೆ ತಿನ್ನದ ಹಣ್ಣಾದರೂ ಸರಿ. ಇಲ್ಲದಿದ್ದರೆ ಹೊರಗಿನ ಕೊಳೆಯನ್ನು ಚಾಕುವೇ ಒಳಗೆ ತಳ್ಳುತ್ತದೆ. ಐಸಿಗೂ ಕುಡಿಯುವ ನೀರೇ ಇರಲಿ. ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತದೆ ಅಂದುಕೊಳ್ಳಬೇಡಿ. ಈಗ ನಾನು ಹೊರಗೆ ಹೋಗುವಾಗ ಹಣ್ಣು, ತಣ್ಣೀರು, ಚಾಕು ತೆಗೆದುಕೊಂಡು ಹೋಗುತ್ತೇನೆ. ಅಲ್ಲೇ ಮಾಡಿ ಅಲ್ಲೇ ಕೊಡುತ್ತೇನೆ.

ಸರಿ, ಜಗ್ಗುಗಳ ಹತ್ತಿರ ಬನ್ನಿ. ಎಡಗಡೆಯದನ್ನು ನೋಡಿ, ಐಸ್ ಹೆಚ್ಚುಕಮ್ಮಿ ಪೂರ್ತಿ ಕರಗಿದೆ. ಒಂದು ಲೀಟರ್ ಇದ್ದದ್ದು ಈಗ 1.3 ಲೀಟರ್ ಹತ್ತಿರ ಬಂದಿದೆ. ಮೊದಲು ಬಲಗಡೆಯದು ಕುಡಿಯಿರಿ, ಆಮೇಲೆ ಅದು. ಲೋಟ ಎಲ್ಲರಿಗೂ ಇವೆ. ಹಿಂದಿನ ಸಾಲಿನವರೂ ಬನ್ನಿ, ಸಂಕೋಚ ಬೇಡ. ಯಾವ ಜಗ್ಗು ಮೊದಲು ಖಾಲಿಯಾಗುತ್ತದೋ ನೋಡೋಣ.