ಸೂಜಿ ಚುಚ್ಚಿದ್ಮೇಲೆ ಮೊದಲ 2 ಗಂಟೆ

ನಮಸ್ಕಾರ ಎಲ್ರಿಗೂ. ನೈಟ್ ಡ್ಯೂಟಿ, ಬೆಳಗಿನ ಜಾವ ಮೂರು ಗಂಟೆ, ಬ್ಲಡ್ ಸ್ಯಾಂಪಲ್ ತಗೊಂಡು ಸೂಜಿಗೆ ವಾಪಸ್ ಕ್ಯಾಪ್ ಹಾಕೋಕೆ ಹೋಗಿ ಬೆರಳಿಗೇ ಚುಚ್ಕೊಂಡ್ರಿ ಅಂದ್ಕೊಳಿ. ಆಗ ಮೊದಲು ತಲೇಗ್ ಬರೋದೇನ್ ಗೊತ್ತಾ, "ಅಯ್ಯೋ, ಇನ್‌ಚಾರ್ಜ್ ಸಿಸ್ಟರ್ ಬೈತಾರೆ!" ನಾನೂ ಟ್ರೈನಿಂಗಲ್ಲಿ ಹಿಂಗೇ ಬ್ಯಾಂಡೇಡ್ ಸುತ್ಕೊಂಡು ಸುಮ್ನೆ ಕೂತಿದ್ದೆ, ಪೆದ್ದಿ ಥರ.

ಮೊದ್ಲು ನಲ್ಲಿ ನೀರು ಬಿಟ್ಟು ಸೋಪ್ ಹಾಕಿ ತೊಳೀರಿ, ಅಷ್ಟೇ. ಹಿಂಡ್ಬೇಡಿ, ಬಾಯಲ್ಲಿಟ್ಟು ಚೀಪ್ಬೇಡಿ, ಸ್ಪಿರಿಟ್ ಡೆಟಾಲ್ ಏನೂ ಸುರೀಬೇಡಿ. ರಕ್ತ ಕಣ್ಣಿಗೆ ಹಾರಿದ್ರೆ ಬರೀ ನೀರು ಇಲ್ಲಾ ಸಲೈನ್.

ಆಮೇಲೆ ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳ್ಬೇಕು. ಯಾಕಂದ್ರೆ ಹೆಚ್‌ಐವಿ ಬರದೇ ಇರೋಕೆ ಕೊಡೋ ಪೆಪ್ ಮಾತ್ರೇನ 2 ಗಂಟೆ ಒಳಗೆ ಶುರು ಮಾಡಿದ್ರೆ ಒಳ್ಳೇದು, 72 ಗಂಟೆ ದಾಟಿದ್ರೆ ಪ್ರಯೋಜನ ಇಲ್ಲ, ಶುರು ಮಾಡಿದ್ರೆ 28 ದಿನ ಬಿಡದೆ ತಗೋಬೇಕು. ಬೇಕಾ ಬೇಡ್ವಾ ಅಂತ ಡಾಕ್ಟರ್ ಹೇಳ್ತಾರೆ, ಪೇಷಂಟ್ ರಕ್ತಾನೂ ಟೆಸ್ಟ್ ಮಾಡಿಸ್ತಾರೆ. ನಿಮ್ದು ಚಿಕ್ಕ ನರ್ಸಿಂಗ್ ಹೋಮ್, ಅಲ್ಲಿ ಮಾತ್ರೆ ಇಲ್ಲ ಅಂದ್ರೆ ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ ಥರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಆಟೋ ಹತ್ತಿ, ಡ್ಯೂಟಿ ಮುಗೀಲಿ ಅಂತ ಕಾಯ್ಬೇಡಿ.

ಈಗ ಲೆಕ್ಕ ನೋಡಿ. ಹೆಚ್‌ಐವಿ ಇರೋರ ಸೂಜಿ ಚುಚ್ಚಿದ್ರೆ ಬರೋ ಚಾನ್ಸ್ 1000ಕ್ಕೆ ಸುಮಾರು 3. ಲಿವರ್ ಹಾಳು ಮಾಡೋ ಹೆಪಟೈಟಿಸ್ ಬಿ? ವ್ಯಾಕ್ಸಿನ್ ಆಗಿಲ್ಲ ಅಂದ್ರೆ 100ಕ್ಕೆ 6ರಿಂದ 30ರವರೆಗೂ! ಅದೂ ಒಣಗಿದ ರಕ್ತದಲ್ಲೂ 7 ದಿನ ಬದುಕಿರೋ ವೈರಸ್ಸು. ವ್ಯಾಕ್ಸಿನ್ ಮೂರೇ ಡೋಸ್ ಕಣ್ರೀ, ಇವತ್ತೊಂದು, ಒಂದು ತಿಂಗಳಾದ್ಮೇಲೊಂದು, ಆರನೇ ತಿಂಗಳಿಗೊಂದು, ಆಮೇಲೆ ಒಂದೆರಡು ತಿಂಗಳಿಗೆ ಟೈಟರ್ (ವ್ಯಾಕ್ಸಿನ್ ಹಿಡಿದಿದ್ಯಾ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿಸಿ, 10 ಇಲ್ಲಾ ಅದಕ್ಕಿಂತ ಮೇಲಿದ್ರೆ ಆಯ್ತು.

ಇನ್ನು ನಂಗೆ ನಿಜವಾಗ್ಲೂ ಕೋಪ ಬರೋ ವಿಷ್ಯ. ಸೂಜಿ ಹೋಗ್ಬೇಕಾಗಿರೋದು ಬಿಳಿ ಡಬ್ಬಕ್ಕೆ, ಆದ್ರೆ ನಾವು ಅವಸರದಲ್ಲಿ ಹಳದಿ ಕವರಿಗೆ ಎಸೀತೀವಿ, ಬೆಳಿಗ್ಗೆ ಹೌಸ್‌ಕೀಪಿಂಗ್ ಅಕ್ಕ ಅದನ್ನ ಎತ್ಕೊಂಡು ಹೋಗುವಾಗ ತೊಡೆಗೆ ಚುಚ್ಚತ್ತೆ, ಯಾರ ರಕ್ತ ಅಂತಾನೂ ಗೊತ್ತಿರಲ್ಲ. ಅವ್ರಿಗೆ ವ್ಯಾಕ್ಸಿನ್ ಆಗಿದ್ಯಾ ಅಂತ ಕೇಳಿದ್ರೆ "ಅವ್ರು ಕಾಂಟ್ರಾಕ್ಟ್ ಅಲ್ವಾ" ಅಂತಾರೆ. ಕಾಂಟ್ರಾಕ್ಟ್ ಆದ್ರೇನು, ಆಸ್ಪತ್ರೆ ಕಸ ಮುಟ್ಟೋ ಎಲ್ರಿಗೂ ಹೆಪಟೈಟಿಸ್ ಬಿ, ಟೆಟನಸ್ ಎರಡೂ ಹಾಕಿಸ್ಬೇಕು ಅಂತ 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸಲ್ಲೇ ಇದೆ.

ನಾಳೆ ಡ್ಯೂಟಿಗೆ ಹೋದಾಗ ನಿಮ್ಮ ವಾರ್ಡಿನ ಅಕ್ಕಂಗೆ ಎಷ್ಟು ಡೋಸ್ ಆಗಿದೆ ಅಂತ ಕೇಳಿ, ಕಾಮೆಂಟಲ್ಲಿ ಹಾಕಿ.